ಎಂಟು ಚುಕ್ಕೆ, ಎಂಟು ಸಾಲು

ಎಸ್.ಪಿ. ರೋಡಿನ ಒಳಗಲ್ಲಿಯಲ್ಲಿ
ಉಗುರಿಗಿಂತ ಚಿಕ್ಕದೊಂದು ಕಣ್ಣನ್ನು
ಬೆಳ್ಳಿ ಕವರಿನಲ್ಲಿಟ್ಟು ಕೊಟ್ಟ ಅಂಗಡಿಯವ:
"ವಾಪಸ್ ಇಲ್ಲ ಮೇಡಂ, ಸುಟ್ಟರೆ ನಿಮ್ಮ ಹಣೆಬರಹ."
ಎರಡೂವರೆ ಸಾವಿರ.
ಏಳು ಫ್ಯಾನಿನ ಕಾಯಿಲ್ ಸುತ್ತಿದ ಕೂಲಿ.

ಕಾಟನ್‌ಪೇಟೆಯಲ್ಲಿ ಮೋಟರ್ ಸುತ್ತುವವಳು ನಾನು.
ಬಿಸಿಯನ್ನು ಹಿಂಗೈಯಲ್ಲಿ ನೋಡು, ಅಂಗೈಯಲ್ಲಲ್ಲ,
ಎಂದು ಕಲಿಸಿದವರು ಜಬ್ಬಾರ್ ಉಸ್ತಾದ್.
ಶಾಕ್ ಹೊಡೆದರೆ ಅಂಗೈ ಹಿಡಿದುಕೊಂಡುಬಿಡುತ್ತದೆ,
ಹಿಂಗೈ ಬಿಟ್ಟು ಬರುತ್ತದೆ.
ಹದಿನಾಲ್ಕು ವರ್ಷ ಅದೇ ನನ್ನ ಮೀಟರು.

ಆದರೆ ಕೈಯ ಮಾತನ್ನು ಓನರ್ ನಂಬುವುದಿಲ್ಲ.

ಓಕಳೀಪುರದ ನಮ್ಮ ವಠಾರಕ್ಕೆ ಎಂಟು ಮನೆ, ಒಂದೇ ಬೋರ್ಡು.
ಬೆಳಗ್ಗೆ ಎಲ್ಲರ ಹೀಟರೂ ಒಟ್ಟಿಗೆ ಬಕೆಟ್ಟಿಗಿಳಿದಾಗ
ಮೀಟರಿನ ಮೂಲೆಯಿಂದ ಮೀನು ವಾಸನೆ.
"ಯಾರೋ ಹುರೀತಿದ್ದಾರೆ, ಶ್ರಾವಣ ಸೋಮವಾರ!"
ಎಂದು ಗುರುಸಿದ್ದಯ್ಯ
ನಸೀಮಾಳ ಬಾಗಿಲ ಕಡೆ ನೋಡಿದರು.
ಸುಡುವ ಬೇಕಲೈಟಿಗೆ ಮೀನಿನ ವಾಸನೆಯೇ ಇರುತ್ತದೆ ಸಾರ್, ಅಂದೆ.
"ಮೂವತ್ತು ವರ್ಷದ ಬೋರ್ಡು. ಏನೂ ಆಗಿಲ್ಲ."

ಅದಕ್ಕೇ ಈ ಕಣ್ಣು.
ನಾಲ್ಕು ತಂತಿ, ಒಂದು ಚಿಪ್ಪು, ಅಂಗೈಯಗಲದ ಪರದೆ,
ಮನೆಗೆ ಸೋಪಿನ ಡಬ್ಬಿ; ಕಾದ ಮೊಳೆಯಲ್ಲಿ ಕೊರೆದ ತೂತು.
ಧೂಳು ಹೋಗದಿರಲೆಂದು ಗಾಜು ಹಾಕಿದೆ,
ಕುರುಡಾಯಿತು.
ಆಚೆ ಬೀದಿ ಬಿಸಿಲಲ್ಲಿ ಬೇಯುತ್ತಿದ್ದರೂ
ಗಾಜು ಈ ಕಣ್ಣಿಗೆ ಗೋಡೆ.
ಅದೇ, ಮೆಡಿಕಲ್ ಶಾಪಿನವ ಪ್ಯಾಡ್ ಸುತ್ತಿ ಕೊಡುವ
ತೆಳ್ಳನೆಯ ಕರೀ ಕವರ್ ಇದೆಯಲ್ಲ,
ಊರ ಕಣ್ಣು ತಪ್ಪಿಸಲೆಂದೇ ಹುಟ್ಟಿದ್ದು,
ಅದರ ಮೂಲಕ ಎಲ್ಲಾ ಕಾಣುತ್ತದೆ!
ಒಬ್ಬಳೇ ನಗುತ್ತಾ ಸಾಲ್ಡರ್ ತಪ್ಪಿ ಬೆರಳು ಸುಟ್ಟುಕೊಂಡೆ.
ಅದರದೇ ಒಂದು ಬಿಲ್ಲೆ ಕತ್ತರಿಸಿ ತೂತಿಗೆ ಅಂಟಿಸಿದೆ.

ಪರದೆಯಲ್ಲಿ ಅರವತ್ತನಾಲ್ಕು ಚೌಕ, ಅಷ್ಟೇ.
ನಸೀಮಾಳ ಮಗಳು ಅಫಿಯಾ ಇಣುಕಿ,
"ಎಂಟು ಚುಕ್ಕೆ ಎಂಟು ಸಾಲು!
ಗೆರೆ ಎಳೆಯೋದೇ ಮರೆತಿದೀರ ಆಂಟಿ."
ಕಣ್ಣು ಕಿರಿದು ಮಾಡಿ ನೋಡು, ಅಂದೆ.
ಮಾಡಿದಳು. ಬೆಕ್ಕು ಎದ್ದುಹೋದ ಜಗಲಿಯ ಮೇಲೆ
ಇನ್ನೂ ಮಲಗಿದ್ದ ಕಿತ್ತಳೆ ಬಣ್ಣದ ಬೆಕ್ಕನ್ನು ಕಂಡು
ಕಿರುಚಿದಳು.

ಭಾನುವಾರ ಎಲ್ಲರಿಗೂ ಕೆಲಸ ನೆನಪಾಯಿತು.
ಇಸ್ತ್ರಿ ಯಲ್ಲಮ್ಮ ತನ್ನ ಕೆಂಡದ ಪೆಟ್ಟಿಗೆ ತಂದು ತೋರಿಸಿದಳು,
"ಸುಮ್ನೆ, ನನ್ನದು ಎಷ್ಟು ಬಿಸಿ ನೋಡೋಣ ಅಂತ."
ಎರಡನೇ ಮನೆಯ ಹುಡುಗ ತನ್ನ ತಲೆ ಕಾದಿದೆಯೆಂದು
ಸಾಬೀತು ಮಾಡಿ ಟ್ಯೂಷನ್ ತಪ್ಪಿಸಿದ.

ಗುರುಸಿದ್ದಯ್ಯ ಕೊನೆಗೆ ಬಂದರು.
ಬೋರ್ಡಿಗೆ ಹಿಡಿದೆ. ಮೂರನೇ ಫ್ಯೂಸು, ಅವರದೇ ಲೈನು,
ಬಿಳಿಯಾಗಿ ಎಂಬತ್ತಕ್ಕೆ ಮುಟ್ಟಿ ಅಲ್ಲೇ ನಿಂತಿತು.
ಅದರಾಚೆಯ ಲೆಕ್ಕ ಈ ಕಣ್ಣಿಗೆ ಬಾರದು.

"ಮಕ್ಕಳ ಆಟ ಬಿಡಮ್ಮ,"
ಎಂದು ಎಡಗೈ ಅಡ್ಡ ಹಿಡಿದರು.
ಪರದೆಯ ತುಂಬ ಅವರ ಅಂಗೈ, ಕೆಂಪಗೆ.
ಹೆಬ್ಬೆರಳಿತ್ತು.
ಉಳಿದ ನಾಲ್ಕು, ಗೋಡೆಯ ಬಣ್ಣದಲ್ಲಿ
ಗೋಡೆಯೇ ಆಗಿದ್ದವು.

ಅವರೂ ನೋಡಿದರು.
"ಎರಡು ಡಿಗ್ರಿ ಹೆಚ್ಚುಕಮ್ಮಿ ತೋರಿಸುತ್ತೆ ಸಾರ್, ಅಗ್ಗದ ಮಾಲು,"
ಅಂದೆ. ಡಬ್ಬಿ ಕೆಳಗಿಟ್ಟು
ಉಸ್ತಾದ್ ಕಲಿಸಿದ ಹಾಗೆ
ಅವರ ಬೆರಳಿಗೆ ಹಿಂಗೈ ತಾಗಿಸಿದೆ.
ಮಾಗಿಯ ಮುಂಜಾನೆಯ ನಲ್ಲಿ.

"ಎಷ್ಟು ದಿನದಿಂದ?"
ಕೈ ಎಳೆದು ಜುಬ್ಬದ ಜೇಬಿಗಿಳಿಸಿದರು; ಒಳಗೆ ಚಿಲ್ಲರೆ ಸದ್ದಾಯಿತು.
"ಏನೂ ಆಗಿಲ್ಲ," ಅಂದರು,
ಬೋರ್ಡಿನ ಮಾತೋ, ಇನ್ನೊಂದೋ.
ಆಮೇಲೆ ಮೆಟ್ಟಿಲ ಮೇಲಿಂದ, ತಿರುಗದೆ:
"ನಾಳೆ ವೈರ್‌ಮನ್ ಬರ್ತಾನೆ. ನೀನೂ ಇರು."

ಮೇನ್ ಎಳೆದಾಗ ವಠಾರದ ಫ್ಯಾನುಗಳೆಲ್ಲ ನಿಧಾನವಾದವು.
ಅಫಿಯಾ ಡಬ್ಬಿ ಹಿಡಿದು ಎಣಿಸುತ್ತಿದ್ದಾಳೆ:
ಬಿಳಿ ಹಳದಿಗೆ, ಹಳದಿ ಕೆಂಪಿಗೆ.
"ಮುಟ್ಟಬೇಡಿ ಅಂಕಲ್, ಇನ್ನೂ ಆರಿಲ್ಲ."
ಗುರುಸಿದ್ದಯ್ಯ ಪಕ್ಕದಲ್ಲೇ ನಿಂತು
ಯಲ್ಲಮ್ಮನ ಇಸ್ತ್ರಿ ಪೆಟ್ಟಿಗೆಯ ಹತ್ತಿರ
ಎಡಗೈ ಹಿಡಿದಿದ್ದಾರೆ,
ಯಾರೂ ನೋಡುತ್ತಿಲ್ಲವೆಂಬಂತೆ.